‘ನೋಡು’ ಅನ್ನುವುದಕ್ಕೆ ಮೂರು ಇಂಗ್ಲಿಷ್: ಒಂದೇ ಥರ ಕಾಣುವ ಕ್ರಿಯಾಪದಗಳನ್ನು ಬಿಡಿಸಿ ಕಲಿಯುವ ದಾರಿ

ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೂರು ಕೋಣೆ, ಸುತ್ತ ಕಾಫಿ ತೋಟ. ಕೆಲವು ವರ್ಷದ ಹಿಂದೆ ಒಬ್ಬ ಅತಿಥಿ ಊರಿಗೆ ವಾಪಸ್ ಹೋದ ಮೇಲೆ ಮೆಸೇಜ್ ಮಾಡಿದರು. ಕನ್ನಡಕ ಸಿಗುತ್ತಿಲ್ಲ, ನಿಮ್ಮಲ್ಲೇ ಬಿಟ್ಟೆನಾ ಅಂತ. ನಾನು ಪೇಟೆಯಲ್ಲಿದ್ದೆ. ಮಂಚದ ಕೆಳಗೆ ಬಿದ್ದಿರಬಹುದು ಎಂದು ನನಗೆ ಅನುಮಾನ. ಅದನ್ನೇ ‘ಐ ಡೌಟ್ ಇಟ್ ಈಸ್ ಅಂಡರ್ ದ ಬೆಡ್’ ಎಂದು ಬರೆದು ಕಳಿಸಿದೆ. ಸಂಜೆ ಬಂದು ಬಗ್ಗಿ ನೋಡಿದರೆ ಕನ್ನಡಕ ಅಲ್ಲೇ ಇತ್ತು! ಖುಷಿಯಿಂದ ಫೋಟೋ ಕಳಿಸಿದೆ. ಅಷ್ಟರಲ್ಲಿ ಅವರು ಹೊಸದಕ್ಕೆ ದುಡ್ಡು ಕಟ್ಟಿಯಾಗಿತ್ತು. ‘ಅಲ್ಲಿ ಇರಲಿಕ್ಕಿಲ್ಲ ಅಂತ ನೀವೇ ಹೇಳಿದಿರಲ್ಲ’ ಅಂದರು.

ತಪ್ಪು ನನ್ನದೇ. ನಮ್ಮ ‘ಅನುಮಾನ’ ಎರಡೂ ಕಡೆ ವಾಲುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಬೇರೆ ಕ್ರಿಯಾಪದ. ಹೌದಿರಬಹುದು ಎಂಬ ಅನುಮಾನ ಸಸ್ಪೆಕ್ಟ್. ಇರಲಿಕ್ಕಿಲ್ಲ ಎಂಬ ಅನುಮಾನ ಡೌಟ್. ‘ಐ ಸಸ್ಪೆಕ್ಟ್ ಹೀ ಟುಕ್ ಇಟ್’ ಅಂದರೆ ಅವನೇ ತೆಗೆದಿರಬೇಕು. ‘ಐ ಡೌಟ್ ಹೀ ಟುಕ್ ಇಟ್’ ಅಂದರೆ ಅವನು ತೆಗೆದಿರಲಾರ. ಒಂದು ಪದ ಬದಲಾದರೆ ಕಳ್ಳ ಸಾಚಾ ಆಗುತ್ತಾನೆ, ಸಾಚಾ ಕಳ್ಳನಾಗುತ್ತಾನೆ.

ಆವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಜೂನ್ ಜುಲೈನಲ್ಲಿ ಮಳೆ ಹಿಡಿದರೆ ಅತಿಥಿಗಳು ಕಮ್ಮಿ. ಆಗ ಜೀಪ್ ಓಡಿಸುವವರು, ಅಕ್ಕಪಕ್ಕದ ಹೋಂಸ್ಟೇ ಹುಡುಗ ಹುಡುಗಿಯರು ಸಂಜೆ ನಮ್ಮ ಜಗಲಿಗೆ ಬರುತ್ತಾರೆ. ಅವರ ಜೊತೆ ಕೂತು ಕಲಿತ ಕ್ರಮ ಇದು. ನಾನು ಇಂಗ್ಲಿಷ್ ಮೇಡಂ ಅಲ್ಲ. ತಪ್ಪು ಮಾಡಿ, ಜನರ ಮುಖ ನೋಡಿ ಕಲಿತವಳು.

ಮೊದಲ ಹೆಜ್ಜೆ: ಕನ್ನಡದ ಕಡೆಯಿಂದ ಹೊರಡಿ

ಸಮಾನಾರ್ಥಕ ಪದಗಳ ಇಂಗ್ಲಿಷ್ ಪಟ್ಟಿ ಇಟ್ಟುಕೊಂಡು ಬಾಯಿಪಾಠ ಮಾಡಬೇಡಿ. ಸೀ, ಲುಕ್, ವಾಚ್, ಸ್ಟೇರ್, ಗೇಜ್, ಗ್ಲಾನ್ಸ್ ಎಂದು ಸಾಲಾಗಿ ಬರೆದರೆ ಎಲ್ಲದರ ಮುಂದೆಯೂ ‘ನೋಡು’ ಎಂದೇ ಬರೆಯುತ್ತೇವೆ. ಅಲ್ಲಿಗೆ ಕಲಿತದ್ದು ಸೊನ್ನೆ.

ಬದಲಿಗೆ ದಿನಾ ಬಾಯಲ್ಲಿ ಬರುವ ಒಂದು ಕನ್ನಡ ಕ್ರಿಯಾಪದ ಹಿಡಿಯಿರಿ. ನೋಡು, ಕೇಳು, ಹೇಳು, ಹಾಕು, ಬಿಡು. ವಾರಕ್ಕೆ ಒಂದು ಸಾಕು. ಆ ವಾರ ಅದನ್ನು ಎಲ್ಲೆಲ್ಲಿ ಬಳಸಿದಿರಿ, ಬರೆದಿಡಿ. ‘ಆನೆ ನೋಡಿದೆ’, ‘ಡಾಕ್ಟರನ್ನು ನೋಡಬೇಕು’, ‘ಮೊಬೈಲ್ ನೋಡ್ತಾ ಕೂತಿದ್ದಾನೆ’, ‘ಮಗುವನ್ನು ಸ್ವಲ್ಪ ನೋಡ್ಕೊ’. ನಾಲ್ಕೂ ಕಡೆ ‘ನೋಡು’ ಇದೆ. ಆದರೆ ಕಣ್ಣು ಮಾಡುವ ಕೆಲಸ ನಾಲ್ಕು ಕಡೆಯೂ ಬೇರೆ, ಅಲ್ವಾ? ಇಂಗ್ಲಿಷ್ ಒಡೆದುಕೊಳ್ಳುವುದು ಸರಿಯಾಗಿ ಅಲ್ಲೇ.

ಕೊಡಗಿನವರಿಗೆ ಇದು ಕಷ್ಟ ಆಗಬಾರದು. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಮಲಯಾಳವೋ, ಅಂಗಡಿಯಲ್ಲಿ ಕನ್ನಡ. ಒಂದು ಭಾಷೆಯ ಪದ ಇನ್ನೊಂದರ ಪದದ ಮೇಲೆ ಸರಿಯಾಗಿ ಕೂರುವುದಿಲ್ಲ ಎಂಬುದು ನಮಗೆ ಚಿಕ್ಕಂದಿನಿಂದ ಗೊತ್ತು. ಇಂಗ್ಲಿಷ್ ಬಂದಾಗ ಮಾತ್ರ ಯಾಕೋ ಅದನ್ನು ಮರೆತುಬಿಡುತ್ತೇವೆ.

ಎರಡನೇ ಹೆಜ್ಜೆ: ಆಯಿತಾ, ಮಾಡಿದೆವಾ?

ಇದೊಂದು ಪ್ರಶ್ನೆ ಅರ್ಧ ಗಂಟು ಬಿಡಿಸುತ್ತದೆ. ಮಂಜು ಕವಿದ ದಿನ ರಾಜಾಸೀಟಿನಲ್ಲಿ ನಿಂತವರು ಹೇಳುವ ಮಾತು ತೆಗೆದುಕೊಳ್ಳಿ: ‘ನೋಡಿದೆ, ಏನೂ ಕಾಣಲಿಲ್ಲ.’ ಇಂಗ್ಲಿಷಿನಲ್ಲಿ ‘ಐ ಲುಕ್ಡ್, ಬಟ್ ಐ ಕುಡ್ ನಾಟ್ ಸೀ ಎನಿಥಿಂಗ್’. ಲುಕ್ ನಾವು ಬೇಕೆಂದು ಮಾಡುವುದು. ಸೀ ತಾನಾಗಿ ಆಗುವುದು. ನಮ್ಮಲ್ಲೂ ‘ನೋಡು’ ಮತ್ತು ‘ಕಾಣು’ ಬೇರೆ ಬೇರೆ ಇವೆ. ಮಾತಿನ ಭರದಲ್ಲಿ ಎರಡಕ್ಕೂ ‘ನೋಡು’ ಅಂದುಬಿಡುತ್ತೇವೆ ಅಷ್ಟೆ.

ಕಿವಿಯದ್ದೂ ಇದೇ ಲೆಕ್ಕ. ಕೇಳಿಸಿತು ಅನ್ನುವುದು ಹಿಯರ್. ಕಿವಿಗೊಟ್ಟು ಕೇಳುವುದು ಲಿಸನ್. ರಾತ್ರಿ ತೋಟದಲ್ಲಿ ಬೈನೆ ಮರ ಮುರಿದ ಸದ್ದು ಹಿಯರ್. ಆನೆ ಯಾವ ಕಡೆ ಹೋಯಿತು ಎಂದು ಉಸಿರು ಬಿಗಿಹಿಡಿದು ಕೂರುತ್ತೇವಲ್ಲ, ಅದು ಲಿಸನ್. ಲಿಸನ್ ಆದ ಮೇಲೆ ‘ಟು’ ಮರೆಯಬೇಡಿ. ಲುಕ್‌ಗೆ ‘ಆ್ಯಟ್’ ಬೇಕು. ಹಿಯರ್, ಸೀ ಇವಕ್ಕೆ ಯಾವುದೂ ಬೇಡ. ನಾವು ಕಷ್ಟಪಟ್ಟು ಕಣ್ಣನ್ನೋ ಕಿವಿಯನ್ನೋ ಒಂದು ಕಡೆ ತಿರುಗಿಸುವಾಗ ಆ ಕಡೆ ತೋರಿಸುವ ಒಂದು ಸಣ್ಣ ಪದ ಬೇಕಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ತಾನಾಗಿ ಆಗುವ ಈ ಕ್ರಿಯೆಗಳಿಗೆ ‘ಇಂಗ್’ ಅಷ್ಟು ಸುಲಭಕ್ಕೆ ಸೇರುವುದಿಲ್ಲ. ‘ಐ ಆ್ಯಮ್ ಲುಕಿಂಗ್ ಆ್ಯಟ್ ದ ಹಿಲ್’ ಸರಿ. ‘ಐ ಆ್ಯಮ್ ಸೀಯಿಂಗ್ ದ ಹಿಲ್’ ಸರಿಯಲ್ಲ. ಒಬ್ಬ ಮನುಷ್ಯನ ಬಗ್ಗೆ ‘ಐ ಆ್ಯಮ್ ಸೀಯಿಂಗ್ ಹಿಮ್’ ಅಂದಿರೋ, ಪ್ರೀತಿ ಮಾಡ್ತಾ ಇದ್ದೇನೆ ಎಂದು ಅರ್ಥ ಮಾಡಿಕೊಂಡು ಬಿಡಬಹುದು. ಜಾಗ್ರತೆ.

ಇನ್ನು ವಾಚ್. ಇದು ನಡೆಯುತ್ತಿರುವ ಒಂದು ಸಂಗತಿಯನ್ನು ಸ್ವಲ್ಪ ಹೊತ್ತು ಕಣ್ಣಲ್ಲೇ ಹಿಂಬಾಲಿಸುವುದು. ದುಬಾರೆಯಲ್ಲಿ ಕಾವೇರಿಗಿಳಿದ ಆನೆಗಳಿಗೆ ಸ್ನಾನ ಮಾಡಿಸುವುದನ್ನು ವಾಚ್ ಮಾಡುತ್ತೇವೆ. ಸೂರ್ಯ ಮುಳುಗುವುದನ್ನು ವಾಚ್ ಮಾಡುತ್ತೇವೆ. ಗೋಡೆಯ ಮೇಲಿನ ಮ್ಯಾಪನ್ನು ಲುಕ್ ಆ್ಯಟ್ ಮಾಡಬೇಕು. ಅದನ್ನು ವಾಚ್ ಮಾಡಬೇಕಾದರೆ ಅದು ಎದ್ದು ಓಡಬಹುದು ಎಂಬ ಭಯ ಇರಬೇಕು! ಇದೇ ಕಾರಣಕ್ಕೆ ವಾಚ್ ಒಳಗೆ ‘ಕಾವಲು’ ಕೂಡ ಕೂತಿದೆ. ಇರ್ಪು ಜಲಪಾತದ ಹತ್ತಿರ ಪಾಚಿ ಕಟ್ಟಿದ ಕಲ್ಲಿನ ಮೇಲೆ ನಡೆಯುವವರಿಗೆ ‘ವಾಚ್ ಯುವರ್ ಸ್ಟೆಪ್’ ಅನ್ನಬೇಕು. ನಮ್ಮ ಹುಡುಗರು ‘ಸೀ ಯುವರ್ ಸ್ಟೆಪ್’ ಅನ್ನುತ್ತಿದ್ದರು. ಅತಿಥಿಗಳು ಕಾಲು ನೋಡಿಕೊಂಡು, ಅಲ್ಲೇನಾಗಿದೆ ಎಂದು ಹುಡುಕುತ್ತಿದ್ದರು.

ಮೂರನೇ ಹೆಜ್ಜೆ: ಕ್ರಿಯಾಪದದ ಪಕ್ಕ ಯಾರು ಕೂರುತ್ತಾರೆ ನೋಡಿ

ಅರ್ಥಕ್ಕಿಂತ ಜಾಸ್ತಿ ಇಲ್ಲೇ ಎಡವುತ್ತೇವೆ. ಸೇ ಮತ್ತು ಟೆಲ್ ಎರಡೂ ‘ಹೇಳು’. ಆದರೆ ಟೆಲ್ ಆದ ಕೂಡಲೇ ಸಾಮಾನ್ಯವಾಗಿ ಒಬ್ಬ ಮನುಷ್ಯ ಬರಬೇಕು: ಟೆಲ್ ಮೀ, ಟೆಲ್ ಹರ್. ಸೇ ಆದ ಮೇಲೆ ಹೇಳಿದ ಮಾತು ಬರುತ್ತದೆ: ಸೇ ಹಲೋ, ಸೇ ಸಾರಿ. ‘ಹೀ ಟೋಲ್ಡ್ ದಟ್ ದ ರೋಡ್ ಈಸ್ ಕ್ಲೋಸ್ಡ್’ ಅಂದರೆ ಯಾರಿಗೆ ಹೇಳಿದ ಎಂಬ ಕುರ್ಚಿ ಖಾಲಿ. ‘ಹೀ ಟೋಲ್ಡ್ ಅಸ್’ ಅನ್ನಿ, ಇಲ್ಲವೇ ‘ಹೀ ಸೆಡ್’ ಅನ್ನಿ. ಸುಳ್ಳು, ನಿಜ, ಕಥೆ ಇವು ಮೂರೂ ಟೆಲ್ ಕಡೆಯವರು. ಇದಕ್ಕೆ ಕಾರಣ ಹುಡುಕಬೇಡಿ, ಜೋಡಿಯಾಗಿಯೇ ಕಲಿಯಿರಿ.

ಫೋನ್ ಎತ್ತಿದ ಕೂಡಲೇ ನಾವು ‘ಟೆಲ್ ಮೀ’ ಅನ್ನುತ್ತೇವಲ್ಲ, ಅದು ನಮ್ಮ ‘ಹೇಳಿ’. ನಮ್ಮ ‘ಹೇಳಿ’ಯಲ್ಲಿ ಮರ್ಯಾದೆ ಇದೆ. ಆ ‘ಇ’ಕಾರವೇ ಮರ್ಯಾದೆ. ‘ಟೆಲ್ ಮೀ’ಯಲ್ಲಿ ಅದು ಎಲ್ಲಿಯೂ ಅಂಟಿಕೊಂಡಿಲ್ಲ. ಹೊರದೇಶದವರಿಗೆ ಅದು ಬೇಗ ಬೊಗಳು ಅಂದ ಹಾಗೆ ಕೇಳಿಸಿದರೂ ಕೇಳಿಸೀತು. ‘ಹೌ ಕ್ಯಾನ್ ಐ ಹೆಲ್ಪ್’ ಅಂದರೆ ಆಯಿತು.

ಸ್ಪೀಕ್, ಟಾಕ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಭಾಷೆ ಬಂದರೆ ಸ್ಪೀಕ್. ಹರಟೆ, ಮಾತುಕತೆ ಆದರೆ ಟಾಕ್.

ತಲುಪುವ ವಿಷಯ ನಮ್ಮ ಜೀಪಿನವರಿಗೆ ದಿನಾ ಬೇಕು. ರೀಚ್ ನೇರವಾಗಿ ಊರಿನ ಹೆಸರು ಹಿಡಿಯುತ್ತದೆ: ‘ವೀ ರೀಚ್ಡ್ ಮಡಿಕೇರಿ’. ಅದಕ್ಕೆ ‘ಟು’ ಸೇರಿಸಬೇಡಿ. ಕನ್ನಡದ ‘ಮಡಿಕೇರಿಗೆ’ಯಲ್ಲಿರುವ ‘ಗೆ’ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. ಅರೈವ್‌ಗೆ ಊರಾದರೆ ‘ಇನ್’, ಬಸ್ ಸ್ಟ್ಯಾಂಡ್‌ನಂಥ ಜಾಗವಾದರೆ ‘ಆ್ಯಟ್’. ಡಿಸ್ಕಸ್ ಆದ ಮೇಲೆ ‘ಅಬೌಟ್’ ಬೇಡ. ಇಲ್ಲೂ ನಮ್ಮ ‘ಬಗ್ಗೆ’ಯದ್ದೇ ಕಿತಾಪತಿ.

ಕೊಡೆಯ ಮಾತು ಬಂದರೆ ಕೊಡಗಿನಲ್ಲಿ ಎಲ್ಲರೂ ಅನುಭವಸ್ಥರು. ‘ಐ ಫರ್ಗಾಟ್ ಮೈ ಅಂಬ್ರೆಲಾ’ ಸರಿ. ಎಲ್ಲಿ ಎಂದು ಜಾಗ ಹೇಳಿದಿರೋ, ಫರ್ಗೆಟ್ ಎದ್ದು ಹೋಗಿ ಲೀವ್ ಬರಬೇಕು: ‘ಐ ಲೆಫ್ಟ್ ಮೈ ಅಂಬ್ರೆಲಾ ಇನ್ ದ ಬಸ್’. ಮರೆತದ್ದು ತಲೆಯಲ್ಲಿ, ಬಿಟ್ಟದ್ದು ಬಸ್ಸಿನಲ್ಲಿ.

ನಾಲ್ಕನೇ ಹೆಜ್ಜೆ: ನಿಮ್ಮ ಕಸುಬಿನ ಪದಗಳನ್ನು ಬಿಡಿಸಿ

ಕಾಫಿ ಕೆಲಸಕ್ಕೆ ಬಂದರೆ ನನಗೆ ಹೇಳಲು ಜಾಸ್ತಿ ಇದೆ. ಅತಿಥಿಗಳನ್ನು ತೋಟ ಸುತ್ತಿಸುವಾಗ ನಾವು ಎಲ್ಲಕ್ಕೂ ‘ಕಟ್’ ಅನ್ನುತ್ತಿದ್ದೆವು. ಹಣ್ಣೂ ಕಟ್, ಕೊಂಬೆಯೂ ಕಟ್, ಮರವೂ ಕಟ್.

ಗಿಡದಿಂದ ಹಣ್ಣು ಬಿಡಿಸುವುದು ಪಿಕ್. ಪಿಕ್ ಒಳಗೆ ‘ಆರಿಸು’ ಎಂಬ ಅರ್ಥವೂ ಇದೆ. ಹಣ್ಣಾದ ಕೆಂಪನ್ನು ನೋಡಿ ಬಿಡಿಸಿ, ಹಸಿರನ್ನು ಗಿಡದಲ್ಲೇ ಬಿಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗದು. ಕೊಂಬೆ ಹಿಡಿದು ಕಾಯಿ ಹಣ್ಣು ಎನ್ನದೆ ಒಂದೇ ಸಲ ಎಳೆದರೆ ಅದು ಸ್ಟ್ರಿಪ್. ಪ್ಲಕ್ ಅಂದರೆ ಪಟಕ್ಕನೆ ಕೀಳುವುದು. ಟೀ ಎಲೆ, ಹೂವು, ಕೋಳಿಯ ಪುಕ್ಕ ಇವು ಪ್ಲಕ್. ಕೆಳಗೆ ಉದುರಿದ್ದನ್ನು ಹೆಕ್ಕಿ ಒಟ್ಟು ಮಾಡುವುದು ಗ್ಯಾದರ್. ಸೌದೆ ಒಟ್ಟುವುದೂ ಗ್ಯಾದರ್. ಹಾರ್ವೆಸ್ಟ್ ಇಡೀ ಫಸಲಿನ ಮಾತು. ನವೆಂಬರ್ ಡಿಸೆಂಬರ್ ಹೊತ್ತಿಗೆ ಅರೇಬಿಕಾದಿಂದ ಶುರುವಾಗಿ ಆಮೇಲೆ ರೋಬಸ್ಟಾ ಮುಗಿಯುವ ತನಕದ ಕೊಯ್ಲು ಪೂರ್ತಿ ಹಾರ್ವೆಸ್ಟ್. ಒಂದು ಹಣ್ಣು ಬಿಡಿಸಿ ಬಾಯಿಗೆ ಹಾಕಿಕೊಂಡ ಅತಿಥಿ ಹಾರ್ವೆಸ್ಟ್ ಮಾಡಿದ ಹಾಗೆ ಆಗುವುದಿಲ್ಲ.

ಕತ್ತಿಯ ಕೆಲಸವೂ ಹೀಗೆ. ಗಿಡದಲ್ಲಿ ಬೇಡದ ರೆಂಬೆ ತೆಗೆದು ಮುಂದಿನ ಫಸಲಿಗೆ ತಯಾರು ಮಾಡುವುದು ಪ್ರೂನ್. ನೆರಳು ಜಾಸ್ತಿಯಾಗಿ ಮರಗಸಿ ಮಾಡುತ್ತೇವಲ್ಲ, ದೊಡ್ಡ ಕೊಂಬೆ ಇಳಿಸುವುದು, ಅದು ಲಾಪ್. ಬೇಲಿಯ ತುದಿ ಸಮ ಮಾಡುವುದು ಟ್ರಿಮ್. ಮರವನ್ನೇ ಉರುಳಿಸಿದರೆ ಫೆಲ್. ‘ಕಟ್ ದ ಟ್ರೀ’ ಎಂದು ಮೆಸೇಜ್ ಹಾಕಿದರೆ ಓದಿದವರು ಬುಡಕ್ಕೇ ಗರಗಸ ಇಟ್ಟಾರು. ಪ್ರೂನ್‌ನಲ್ಲಿ ಉದ್ದೇಶ ಇದೆ, ಲಾಪ್‌ನಲ್ಲಿ ಗಾತ್ರ ಇದೆ, ಟ್ರಿಮ್‌ನಲ್ಲಿ ಅಂದ ಇದೆ. ಕ್ರಿಯಾಪದ ಕೆಲಸದ ಯಾವ ಭಾಗವನ್ನು ಎತ್ತಿ ತೋರಿಸುತ್ತಿದೆ ಎಂದು ಕೇಳಿಕೊಂಡರೆ ಕವಲು ತಾನಾಗಿ ಕಾಣುತ್ತದೆ.

ಅಡುಗೆಮನೆಯಲ್ಲಿ ‘ಹುರಿ’ ನಮಗೆ ಕೈಕೊಡುತ್ತದೆ. ಪಕ್ಕದ ಹೋಂಸ್ಟೇ ಹುಡುಗ ಒಮ್ಮೆ ಅತಿಥಿಗಳಿಗೆ ‘ವೀ ಫ್ರೈ ದ ಕಾಫಿ’ ಎಂದು ವಿವರಿಸಿದ. ಅವರು ಯಾವ ಎಣ್ಣೆಯಲ್ಲಿ ಅಂತ ಕೇಳಿದರು! ಎಣ್ಣೆ ಅಥವಾ ತುಪ್ಪ ಇದ್ದರೆ ಫ್ರೈ. ಕಾಫಿ ಬೀಜವನ್ನು ಬರೀ ಕಾವಿನಲ್ಲಿ ಹುರಿದರೆ ರೋಸ್ಟ್. ಆಮೇಲೆ ಗ್ರೈಂಡ್. ಪುಡಿಗೆ ಬಿಸಿನೀರು ಹಾಕಿ ಸಾರ ಇಳಿಯಲು ಬಿಡುವುದು ಬ್ರ್ಯೂ. ನಮ್ಮ ಅಕ್ಕಿತರಿಯ ಉಂಡೆ ಕಡಂಬುಟ್ಟು ಹಬೆಯಲ್ಲಿ ಬೇಯುವುದರಿಂದ ಸ್ಟೀಮ್, ಬಾಯಿಲ್ ಅಲ್ಲ.

ಇಲ್ಲೊಂದು ಸಮಾಧಾನದ ಮಾತು. ಎಲ್ಲ ಕಡೆ ಇಂಗ್ಲಿಷೇ ಶ್ರೀಮಂತ ಎಂದುಕೊಳ್ಳಬೇಡಿ. ನೀರು ಕುದಿಸುತ್ತೇವೆ, ಮೊಟ್ಟೆ ಬೇಯಿಸುತ್ತೇವೆ. ಅವರಿಗೆ ಎರಡೂ ಬಾಯಿಲ್. ಪಾತ್ರೆ ತೊಳೆದರೂ ಬಟ್ಟೆ ಒಗೆದರೂ ವಾಶ್. ಕೊಡವರ ಮದುವೆಮನೆಯಲ್ಲಿ ಗಂಡಸರು ಕುಪ್ಯ ಎಂಬ ಉದ್ದ ಕೋಟು ತೊಡುತ್ತಾರೆ, ಹೆಂಗಸರು ಹಿಂದಕ್ಕೆ ನೆರಿಗೆ ಬರುವ ಹಾಗೆ ಸೀರೆ ಉಡುತ್ತಾರೆ, ಹೂ ಮುಡಿಯುತ್ತಾರೆ. ತೊಡು, ಉಡು, ಮುಡಿ ಮೂರಕ್ಕೂ ಪಾಪ ಅವರ ಹತ್ತಿರ ವೇರ್ ಒಂದೇ. ಆದರೆ ಅವರು ಇನ್ನೊಂದು ಕಡೆ ಒಡೆದಿದ್ದಾರೆ. ಸ್ವೆಟರ್‌ಗೆ ಕೈ ತೂರಿಸುವ ಆ ಕ್ಷಣದ ಕೆಲಸ ಪುಟ್ ಆನ್. ಹಾಕಿಕೊಂಡ ಮೇಲೆ ಮೈಮೇಲೆ ಇರುವ ಸ್ಥಿತಿ ವೇರ್. ಚಳಿ ಇದೆ, ಹಾಕ್ಕೊಳ್ಳಿ ಅನ್ನಬೇಕಾದರೆ ಪುಟ್ ಆನ್. ಇನ್ನು ಲೈಟ್ ‘ಹಾಕುವುದು’ ಪುಟ್ ಅಲ್ಲ, ಸ್ವಿಚ್ ಆನ್ ಅಥವಾ ಟರ್ನ್ ಆನ್.

ಐದನೇ ಹೆಜ್ಜೆ: ಪದದ ತೂಕ ನೋಡಿ

ಅರ್ಥ ಒಂದೇ ಇದ್ದರೂ ಕೆಲವು ಪದ ಮನೆಯವು, ಕೆಲವು ಕಚೇರಿಯವು. ಇದಕ್ಕೆ ಚರಿತ್ರೆ ಇದೆ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಬಹಳ ಕಾಲ ಅಲ್ಲಿ ಆಳುವವರ ಮಾತು ಫ್ರೆಂಚ್, ಓದುಬರಹ ಹೆಚ್ಚಾಗಿ ಲ್ಯಾಟಿನ್, ಹೊಲದಲ್ಲಿ ದುಡಿಯುವವರ ಮಾತು ಹಳೆಯ ಇಂಗ್ಲಿಷ್. ಮೂರೂ ಕಡೆಯ ಪದಗಳು ಒಂದೇ ಭಾಷೆಯಲ್ಲಿ ಉಳಿದವು. ಆಸ್ಕ್ ಹಳೆಯ ಇಂಗ್ಲಿಷಿನದು. ಕ್ವೆಶ್ಚನ್ ಫ್ರೆಂಚಿನಿಂದ ಬಂತು. ಇಂಟರಾಗೇಟ್ ಲ್ಯಾಟಿನ್ನಿನದು. ಅಮ್ಮ ಆಸ್ಕ್ ಮಾಡುತ್ತಾಳೆ, ಮೇಲಧಿಕಾರಿ ಕ್ವೆಶ್ಚನ್ ಮಾಡುತ್ತಾನೆ, ಪೊಲೀಸರು ಇಂಟರಾಗೇಟ್ ಮಾಡುತ್ತಾರೆ.

ನಮ್ಮಲ್ಲೂ ಕೇಳು, ಪ್ರಶ್ನಿಸು, ವಿಚಾರಣೆ ನಡೆಸು ಅಂತ ಇಲ್ಲವೇ? ‘ಮುಖ್ಯ ಅತಿಥಿಗಳು ಆಗಮಿಸಿದರು’ ಅನ್ನುತ್ತೇವೆ. ‘ಬೆಕ್ಕು ಆಗಮಿಸಿತು’ ಅಂದರೆ ನಗು ಬರುತ್ತದೆ. ಇಂಗ್ಲಿಷಿನಲ್ಲಿ ‘ಐ ವಿಲ್ ಕಮೆನ್ಸ್ ಕುಕಿಂಗ್’ ಅಂದರೂ ಅದೇ ನಗು. ಸ್ಟಾರ್ಟ್ ಅನ್ನಿ, ಸಾಕು. ಅನುಮಾನ ಬಂದರೆ ಚಿಕ್ಕ ಪದ ಹಿಡಿಯಿರಿ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಪದ ಹಾಕಿ ಮರ್ಯಾದೆ ಗಳಿಸಲು ಹೋದವರು ಹೆಚ್ಚಾಗಿ ಕೈ ಸುಟ್ಟುಕೊಂಡಿದ್ದಾರೆ.

ಒಂದು ಪದ ಮಾತ್ರ ತೂಕಕ್ಕಿಂತ ಏಟಿನ ಲೆಕ್ಕದಲ್ಲಿ ಬರುತ್ತದೆ. ಡಿಮಾಂಡ್. ಮಾರುಕಟ್ಟೆಯಲ್ಲಿ ಕರಿಮೆಣಸಿಗೆ ಡಿಮಾಂಡ್ ಇದ್ದರೆ ಖುಷಿ. ‘ಯೂ ಡಿಮಾಂಡೆಡ್ ಹಾಟ್ ವಾಟರ್’ ಎಂದು ಅತಿಥಿಗೆ ಹೇಳಿದರೆ ನೀವು ಜೋರು ಮಾಡಿದಿರಿ ಅಂದ ಹಾಗೆ. ಅವರು ಕೇಳಿದ್ದು ಆಸ್ಕ್ ಫಾರ್.

ಆರನೇ ಹೆಜ್ಜೆ: ಪದ ಬದಲಿಸಿ, ಏನು ಮುರಿಯುತ್ತದೆ ನೋಡಿ

ಎರಡು ಪದ ಗೊತ್ತಾದ ಮೇಲೆ ಒಂದೇ ವಾಕ್ಯದಲ್ಲಿ ಅದಲು ಬದಲು ಮಾಡಿ. ರೆಫ್ಯೂಸ್ ಮತ್ತು ಡಿನೈ ತೆಗೆದುಕೊಳ್ಳಿ. ನಿಘಂಟಿನಲ್ಲಿ ಎರಡಕ್ಕೂ ‘ನಿರಾಕರಿಸು’ ಸಿಗುತ್ತದೆ. ನಮ್ಮ ಜಗಲಿಯಲ್ಲಿ ಇದಕ್ಕೆ ಒಂದು ಸಂಜೆ ಹೋಯಿತು. ಮಂದಲಪಟ್ಟಿಗೆ ಜೀಪ್ ಓಡಿಸುವ ಒಬ್ಬ ‘ಅಕ್ಕ, ಎರಡೂ ಇಲ್ಲ ಅನ್ನೋದೇ ತಾನೆ?’ ಅಂದ. ಒಂದು ಸಂದರ್ಭ ಕೊಟ್ಟೆ. ಪಾರ್ಕಿಂಗ್‌ನಲ್ಲಿ ಯಾರದೋ ಕಾರಿಗೆ ಗೀರು ಬಿದ್ದಿದೆ. ನೀನು ಗೀರಿದೆಯಾ ಅಂತ ಕೇಳುತ್ತಾರೆ. ನೀನು ‘ಅಲ್ಲ, ನಾನಲ್ಲ’ ಅನ್ನುತ್ತೀಯ. ಅದು ಡಿನೈ. ಹಾಗಾದರೆ ರಿಪೇರಿ ದುಡ್ಡು ಕೊಡು ಅನ್ನುತ್ತಾರೆ. ‘ಕೊಡಲ್ಲ’ ಅನ್ನುತ್ತೀಯ. ಅದು ರೆಫ್ಯೂಸ್. ಹಿಂದೆ ಆದದ್ದನ್ನು ಅಲ್ಲಗಳೆದರೆ ಡಿನೈ, ಮುಂದೆ ಮಾಡಬೇಕಾದ್ದಕ್ಕೆ ಒಲ್ಲೆ ಅಂದರೆ ರೆಫ್ಯೂಸ್. ಅವನು ಸ್ವಲ್ಪ ಯೋಚಿಸಿ, ‘ಅಂದ್ರೆ ಡಿನೈ ಮಾಡಿದವನು ಕಳ್ಳ ಇರಬಹುದು, ರೆಫ್ಯೂಸ್ ಮಾಡಿದವನು ಜುಗ್ಗ ಇರಬಹುದು’ ಅಂದ. ಅದನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಊಟಕ್ಕೆ ಬನ್ನಿ ಅಂದಾಗ ನಯವಾಗಿ ‘ಇವತ್ತು ಬೇಡ’ ಅಂದರೆ ಡಿಕ್ಲೈನ್. ವ್ಯಾಪಾರಿ ಕಾಫಿಯ ಮಾದರಿ ನೋಡಿ, ತೇವ ಜಾಸ್ತಿ ಇದೆ ಎಂದು ಲಾಟನ್ನೇ ಹಿಂದಕ್ಕೆ ತಳ್ಳಿದರೆ ರಿಜೆಕ್ಟ್.

ಹೀಗೆ ಬಿಡಿಸಿದ್ದು ಸರಿಯೋ ತಪ್ಪೋ ಎಂದು ಖಾತ್ರಿ ಮಾಡಿಕೊಳ್ಳಲು ಇಂಗ್ಲಿಷ್–ಕನ್ನಡ ನಿಘಂಟು ಸಾಲದು. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು ಜೊತೆಗಾರರೊಂದಿಗೆ ಮಾಡಿದ ಅಂಥ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಿಂದ ಅದನ್ನು ಆಕ್ಸ್‌ಫರ್ಡಿನವರು ಹೊರತರುತ್ತಿದ್ದಾರೆ. ಈಗ ಅದು ಮೊಬೈಲಿನಲ್ಲೂ ಸಿಗುತ್ತದೆ. ಕ್ರಿಯಾಪದದ ಮುಂದೆ ಏನು ಬರಬೇಕು, ಅದು ಮನೆಮಾತೋ ಕಚೇರಿ ಮಾತೋ ಎಂದು ಅದರಲ್ಲಿ ಗುರುತು ಹಾಕಿರುತ್ತಾರೆ. ಅರ್ಥಕ್ಕಿಂತ ಮೊದಲು ಅಲ್ಲಿ ಕೊಟ್ಟಿರುವ ಉದಾಹರಣೆ ವಾಕ್ಯಗಳನ್ನು ಓದಿ. ಮೂರು ವಾಕ್ಯ ಓದುವಷ್ಟರಲ್ಲಿ ಅರ್ಥ ತಾನೇ ಹೊಳೆಯುತ್ತದೆ.

ಕೊನೆಗೆ ನೋಟ್‌ಬುಕ್ಕಿನಲ್ಲಿ ನಿಮ್ಮದೇ ಬದುಕಿನ ವಾಕ್ಯ ಬರೆಯಿರಿ. ಪುಸ್ತಕದ ಜಾನ್, ಮೇರಿ ಬೇಡ. ನಿಮ್ಮ ಕಣ, ನಿಮ್ಮ ಜೀಪು, ನಿಮ್ಮ ಅತ್ತೆ ಇರಲಿ. ಒಂದು ಪದಕ್ಕೆ ಒಂದೇ ವಾಕ್ಯ, ಆದರೆ ಜೊತೆಯ ಪದ ಹಾಕಿದರೆ ಆ ವಾಕ್ಯ ಕೆಡಬೇಕು. ಕೆಡದಿದ್ದರೆ ವ್ಯತ್ಯಾಸ ಇನ್ನೂ ಸಿಕ್ಕಿಲ್ಲ ಎಂದರ್ಥ.

ಈ ವಾರ ನಮ್ಮ ಜಗಲಿಯಲ್ಲಿ ನಡೆಯುತ್ತಿರುವುದು ‘ಬಿಡು’. ಕೆಲಸ ಬಿಟ್ಟರೆ ಕ್ವಿಟ್, ಹಿಡಿದ ಹಗ್ಗ ಬಿಟ್ಟರೆ ಲೆಟ್ ಗೋ, ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದರೆ ಡ್ರಾಪ್. ‘ಮಳೆ ಬಿಟ್ಟಿತು’ ಎಂಬಲ್ಲಿ ಮಾತ್ರ ಜಗಳ ಆಯಿತು. ಸ್ಟಾಪ್ ಅಂತ ಒಬ್ಬ, ಲೆಟ್ ಅಪ್ ಅಂತ ಇನ್ನೊಬ್ಬಳು. ಸ್ಟಾಪ್ ಅಂದರೆ ಪೂರ್ತಿ ನಿಂತಿತು. ಲೆಟ್ ಅಪ್ ಅಂದರೆ ಸ್ವಲ್ಪ ಜೋರು ಕಮ್ಮಿಯಾಯಿತು, ಮತ್ತೆ ಬರಬಹುದು. ಜುಲೈ ತಿಂಗಳು ಆದ್ದರಿಂದ ಅವಳೇ ಗೆದ್ದಳು.